ಅಣ್ಣನ ತೋಟಾ ಯಂತ್ರ

ಕಳೆದ ಚಳಿಗಾಲದಲ್ಲಿ ನಾವು ದಂಪತಿಗಳು ಪುಣೆಯಿಂದ ಹೊರಟು, ಅರಿಜೋನಾದ ಫೀನಿಕ್ಸ್ ನಗರದ ಅಂಚಿನಲ್ಲಿ ಒಬ್ಬನೇ ವಾಸಿಸುವ ಅಣ್ಣನ ಮನೆಯಲ್ಲಿ ಆರು ವಾರ ಇದ್ದೆವು. ಎಪ್ಪತ್ತೊಂದರ ಅಣ್ಣನಿಗೆ ಪಿಸ್ತೂಲಿನಿಂದ ಗುರಿ ಹೊಡೆಯುವ ಹವ್ಯಾಸ. ಅತ್ತಿಗೆ ತೀರಿಕೊಂಡ ಮೇಲೆ ಅದು ಬಲವಾಗಿದೆ. ವಾರಕ್ಕೆರಡು ದಿನ ಬೆನ್ ಏವರಿ ಎಂಬ ಸಾರ್ವಜನಿಕ ಗುರಿಮೈದಾನಕ್ಕೆ ಹೋಗುತ್ತಾನೆ. ಹೊಡೆದು ಉಳಿದ ಹಿತ್ತಾಳೆಯ ಖಾಲಿ ತೋಟಾಗಳನ್ನು ಆಯ್ದು ತಂದು ಗ್ಯಾರೇಜಿನಲ್ಲಿ ಮತ್ತೆ ತುಂಬಿಕೊಳ್ಳುತ್ತಾನೆ. ಸ್ವಂತ ಬಳಕೆಗೆ ಹೀಗೆ ತುಂಬಲು ಅಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಪರವಾನಗಿ ಇಲ್ಲದೆ ತೋಟಾ ಇಟ್ಟುಕೊಳ್ಳುವುದೇ ಅಪರಾಧ. ಆ ಗ್ಯಾರೇಜಿಗೆ ಮೊದಲ ದಿನ ಕಾಲಿಡುವಾಗ ನಮಗೆ ಅಳುಕಾದದ್ದು ಸುಳ್ಳಲ್ಲ.

ಅಲ್ಲಿದ್ದುದು ಒಂಟಿ ಅಚ್ಚಿನ ಹಳೆಯ ಪ್ರೆಸ್ಸು. ಹಿಡಿಕೆಯ ಒಂದು ಎಳೆತಕ್ಕೆ ಒಂದೇ ಕೆಲಸ. ಸುಟ್ಟ ಕೇಪನ್ನು ಕಳಚಿ ತೋಟಾದ ಮೈಯನ್ನು ಅಳತೆಗೆ ತರಬೇಕು. ಬಾಯಿ ತುಸು ಅರಳಿಸಬೇಕು. ಮದ್ದು ಹಾಕಿದ ಮೇಲೆ ಗುಂಡು ಕೂರಿಸಬೇಕು. ಕೊನೆಗೆ ಬಾಯಿ ಬಿಗಿಯಬೇಕು. ನೂರು ತೋಟಾಕ್ಕೆ ನಾನೂರು ಎಳೆತ. ಅಣ್ಣನ ಬಲಭುಜ ಅದನ್ನು ತಾಳುತ್ತಿರಲಿಲ್ಲ. ಪ್ರೋಗ್ರೆಸಿವ್ ಎನ್ನುವ ಬಗೆಯ ಪ್ರೆಸ್ಸಿನಲ್ಲಾದರೆ ತೋಟಾಗಳು ಒಂದು ದುಂಡು ತಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಒಂದು ಎಳೆತಕ್ಕೆ ಎಲ್ಲ ಕಟ್ಟೆಗಳಲ್ಲಿಯೂ ಒಂದೊಂದು ಕೆಲಸ ಒಟ್ಟಿಗೆ ಮುಗಿದು, ಸಿದ್ಧವಾದ ಒಂದು ತೋಟಾ ತಟ್ಟೆಯಿಂದ ಕೆಳಗೆ ಉದುರುತ್ತದೆ. ಅದನ್ನು ಕೊಳ್ಳಬೇಕೆಂದು ಅವನು ನಿಶ್ಚಯಿಸಿಯಾಗಿತ್ತು. ಯಾವುದೆಂಬುದಷ್ಟೇ ಉಳಿದಿತ್ತು.

ಮೂರನೆಯ ದಿನ ಊಟದ ಹೊತ್ತಿನಲ್ಲಿ ಅವನು ಹಿಂದಿನ ತಿಂಗಳ ಒಂದು ಸಂಗತಿಯನ್ನು ಹಗುರವಾಗಿ ಹೇಳಿದ. ಗುರಿಮೈದಾನದಲ್ಲಿ ಒಂದು ತೋಟಾ ಢಂ ಎನ್ನದೆ ಟುಸ್ ಎಂದಿತಂತೆ. ಮದ್ದೇ ಬೀಳದ ತೋಟಾ ಅದು. ಕೇಪಿನ ಬಲದಿಂದಷ್ಟೇ ಹೊರಟ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಸದ್ದಿನ ವ್ಯತ್ಯಾಸ ಗಮನಿಸಿ ಕೈ ತಡೆದ. ಅದರ ಹಿಂದೆಯೇ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳುವ ಸಂಭವವಿತ್ತು. “ಮದ್ದು ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ” ಎಂದು ಎರಡು ಸಲ ಹೇಳಿದ. ನಾವು ಮುಖ ಮುಖ ನೋಡಿಕೊಂಡೆವು. ಅಂದಿನ ಸಾರಿಗೂ ಎರಡು ಸಲ ಉಪ್ಪು ಬಿದ್ದಿತ್ತು.

ಭುಜಕ್ಕೆ ಹೊಸ ಯಂತ್ರ ಬೇಕು; ಮರೆವಿಗೆ ಯಂತ್ರವೇ ಬೇಡ. ಈ ಹವ್ಯಾಸವನ್ನೇ ಬಿಟ್ಟುಬಿಡು ಎಂದು ಹೇಳಬೇಕಿತ್ತೇನೋ. ವಾರವಿಡೀ ಅವನು ಮನುಷ್ಯರೊಡನೆ ಮಾತಾಡುವುದು ಆ ಎರಡು ದಿನ ಮಾತ್ರ ಎಂಬುದನ್ನು ಕಂಡ ಮೇಲೆ ನಮಗೆ ಬಾಯಿ ಬರಲಿಲ್ಲ.

ಅಂಗಡಿಯಲ್ಲಿ ಪ್ರೆಸ್ಸುಗಳನ್ನು ಬಣ್ಣದಿಂದಲೇ ಗುರುತಿಸುತ್ತಾರೆ. ನೀಲಿ ಎಂದರೆ ಡಿಲನ್, ಹಸಿರು ಎಂದರೆ ಆರ್‌ಸಿಬಿಎಸ್, ಕೆಂಪು ಎಂದರೆ ಹಾರ್ನಡಿ ಅಥವಾ ಲೀ. ಡಿಲನ್ ಅದೇ ಸ್ಕಾಟ್ಸ್‌ಡೇಲ್ ಸೀಮೆಯ ಕಂಪನಿಯಾದ್ದರಿಂದ ಅಣ್ಣನ ಒಲವೆಲ್ಲ ನೀಲಿಯ ಕಡೆಗೇ. ಅದರಲ್ಲಿಯೂ 550. ನಾಲ್ಕು ಕಟ್ಟೆ, ಸರಳ ರಚನೆ. ಗೆಳೆಯರ ಬಳಿ ಇದ್ದುದೂ ಅದೇ. ಆದರೆ ಅದರ ತಟ್ಟೆಯನ್ನು ಪ್ರತಿ ಎಳೆತದ ನಂತರ ಕೈಯಿಂದಲೇ ತಿರುಗಿಸಬೇಕು. ಬಂದೂಕಿನ ಗಂಧವಿಲ್ಲದ ನಾವು ಕೇಳಿದ ಒಂದೇ ಪ್ರಶ್ನೆ: ತಿರುಗಿಸಲು ಮರೆತರೆ? ಮಾರಾಟದ ಮುದುಕ ನಗಲಿಲ್ಲ. ಮರೆತು ಮತ್ತೆ ಎಳೆದರೆ ಅದೇ ತೋಟಾಕ್ಕೆ ಎರಡನೆಯ ಅಳತೆ ಮದ್ದು ಬೀಳಬಹುದು, ಕೆಲವು ಬಗೆಯ ಮದ್ದು ಎರಡಳತೆ ಬಿದ್ದರೂ ಹೊರಚೆಲ್ಲದೆ ಒಳಗೇ ಅಡಗಿಬಿಡುತ್ತದೆ ಎಂದ. ನಂತರ ನಮ್ಮನ್ನು 750ರ ಮುಂದೆ ನಿಲ್ಲಿಸಿದ. ಇದರ ತಟ್ಟೆ ತಾನೇ ತಿರುಗುತ್ತದೆ. ಕಟ್ಟೆಗಳು ಐದು, ಹೆಚ್ಚಿನ ಆ ಒಂದರಲ್ಲಿ ಮದ್ದು ಪರೀಕ್ಷಿಸುವ ಸಾಧನ ಕೂರಿಸಬಹುದು. ಒಂದು ಸಣ್ಣ ಸರಳು ತೋಟಾದೊಳಗೆ ಇಳಿದು ಮದ್ದಿನ ಎತ್ತರ ಮುಟ್ಟಿ ನೋಡುತ್ತದೆ. ಹೆಚ್ಚಾದರೂ ಕಡಿಮೆಯಾದರೂ ಕೀಂ ಎನ್ನುತ್ತದೆ.

ಅಣ್ಣ ಆ ಸರಳನ್ನು ಬೆರಳಿನಿಂದ ಮುಟ್ಟಿ, ಅಂಗಡಿಯವನ ಎದುರಿಗೇ ಕನ್ನಡದಲ್ಲಿ “ಅಪ್ಪಯ್ಯನ ಗಜದ ಕೋಲು!” ಎಂದ.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ, ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ಬೆದರಿಸಲು, ಪರವಾನಗಿಯ ಒಂದು ಕೇಪಿನ ಕೋವಿ ಇತ್ತು. ಅದಕ್ಕೆ ನಳಿಗೆಯ ಬಾಯಿಂದಲೇ ಮದ್ದು ಸುರಿದು, ಕತ್ತದ ಉಂಡೆ ಇಟ್ಟು, ಗಜದ ಕೋಲಿನಿಂದ ಒತ್ತಬೇಕು. ತುಂಬಿದ ಕೋವಿಗೂ ಖಾಲಿ ಕೋವಿಗೂ ಹೊರಗೆ ನೋಡಿದರೆ ವ್ಯತ್ಯಾಸವಿಲ್ಲ. ಅಪ್ಪಯ್ಯ ಕೋವಿ ಕೈಗೆತ್ತಿಕೊಂಡಾಗಲೆಲ್ಲ, ನಿಮಿಷದ ಹಿಂದೆ ಕೆಳಗಿಟ್ಟಿದ್ದರೂ, ಕೋಲನ್ನು ಒಳಗೆ ಇಳಿಬಿಟ್ಟು ಅದರ ಮೇಲೆ ಕೊರೆದ ಗೀರು ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದರು. ಗೀರು ಬಾಯಿಯ ಮಟ್ಟಕ್ಕೆ ಬಂದರೆ ಖಾಲಿ, ಮೇಲೆ ನಿಂತರೆ ತುಂಬಿದೆ. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ, ಮರೆವೂ ಇರಲಿಲ್ಲ.

750ನ್ನೇ ಕೊಂಡೆವು, ಪರೀಕ್ಷೆಯ ಸಾಧನದ ಸಹಿತ. ಅದನ್ನು ಜೋಡಿಸಲು ಎರಡು ದಿನ ಹಿಡಿಯಿತು. ಮೊದಲ ದಿನ ಸರಳಿನ ಎತ್ತರ ಹೊಂದದೆ ಸುಮ್ಮಸುಮ್ಮನೆ ಕೂಗುತ್ತಿತ್ತು. ಸರಳಿಗೆ ತಿಳಿಯುವುದು ಎತ್ತರ ಮಾತ್ರ. ಬೇರೆ ಡಬ್ಬಿಯ ಮದ್ದು ಸುರಿದರೆ ಅದಕ್ಕೆ ಗೊತ್ತಾಗದು. ಆದ್ದರಿಂದ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕೆಂದು ನಾವು ಒತ್ತಾಯಿಸಿದೆವು. ಉಳಿದವನ್ನು ಗೊಣಗುತ್ತಲೇ ಬೀರುವಿಗೆ ಸಾಗಿಸಿದ. ರೇಡಿಯೊ ಒಳಮನೆಗೆ ಹೋಯಿತು. ಗುಂಡು ಕೂರಿಸುವ ಮುನ್ನ ಪ್ರತಿಯೊಂದು ತೋಟಾದೊಳಗೂ ಇಣುಕಲು ಪ್ರೆಸ್ಸಿನ ಮೇಲೊಂದು ಪುಟ್ಟ ದೀಪ ಬಂತು.

ಪುಣೆಗೆ ಮರಳಿ ಇಲ್ಲಿನ ಕನ್ನಡ ಗೆಳೆಯರಿಗೆ ಅಣ್ಣ ತೋಟಾ ಯಂತ್ರ ಕೊಂಡನೆಂದರೆ, ಅಡಿಕೆ ಸುಲಿಯುವುದೋ ಕಳೆ ಕೀಳುವುದೋ ಎಂದು ಕೇಳಿದರು. ಭಾನುವಾರ ರಾತ್ರಿ ಎಂಟೂವರೆಗೆ, ಅಂದರೆ ಅವನ ಬೆಳಗಿನ ಎಂಟಕ್ಕೆ, ಅಣ್ಣನಿಗೆ ಫೋನು ಮಾಡುವುದು ನಮ್ಮ ರೂಢಿ. ಈಗ ಆ ಹೊತ್ತಿಗೆ ಅವನು ಎತ್ತುವುದಿಲ್ಲ. ಪ್ರೆಸ್ಸಿನ ಮುಂದೆ ಕೂತಾಗ ಫೋನು ಒಳಗಿರಬೇಕೆಂದು ನಾವೇ ಹೇಳಿಬಂದದ್ದು. ಒಂಬತ್ತೂವರೆಗೆ ತಾನಾಗಿ ಮಾಡುತ್ತಾನೆ. ಆ ಒಂದು ಗಂಟೆ ನಾವು ಟಿವಿ ಹಾಕುವುದಿಲ್ಲ.