ಮೈಸೂರಿನ ಬೀದಿಗಳಲ್ಲಿ ಅತಿಥಿ ಪದಗಳು

ಒಂದು ಊರನ್ನು ಕಣ್ಣಿನಿಂದ ನೋಡುವಂತೆಯೇ ಕಿವಿಯಿಂದಲೂ ಅರಿಯಬಹುದು. ಮೈಸೂರಿಗೆ ಬರುವ ಯಾತ್ರಿಕರು ಅರಮನೆಯನ್ನೂ ಚಾಮುಂಡಿ ಬೆಟ್ಟವನ್ನೂ ಕಂಡು, ಬೆಟ್ಟದ ತಪ್ಪಲಿನ ಶ್ರೀ ಸುತ್ತೂರು ಮಠದಲ್ಲಿ ಪ್ರಸಾದ ಸ್ವೀಕರಿಸಿ ಹಿಂದಿರುಗುತ್ತಾರೆ. ಈ ಸಲ ನಾನು ಅಲ್ಲಿನ ಮಾತನ್ನು ಆಲಿಸುತ್ತ ಊರು ಸುತ್ತಿದೆನು. ಅದಕ್ಕೆ ಕಾರಣವಾದದ್ದು ಒಂದು ರಾತ್ರಿಯ ಊಟದ ಪ್ರಸಂಗ.

ಸರಸ್ವತಿಪುರದಲ್ಲಿ ನನ್ನ ಅಕ್ಕನ ಮನೆಯಿದೆ. ಅಕ್ಕನವರಿಗೆ ಎಂಬತ್ತು ದಾಟಿದೆ. ಅವರ ಮೊಮ್ಮಗನು ಉದ್ಯೋಗದ ಸಂದರ್ಶನಕ್ಕೆ ಸಿದ್ಧನಾಗುತ್ತ, ಸೊಗಸಾದ ಇಂಗ್ಲಿಷ್ ಕಲಿಸುವ ತರಗತಿಯೊಂದಕ್ಕೆ ಹೋಗುತ್ತಿದ್ದಾನೆ. ದಿನನಿತ್ಯದ ಇಂಗ್ಲಿಷಿನ ನಡುವೆ ಫ್ರೆಂಚ್ ನುಡಿಗಳನ್ನು ಬೆರೆಸಿದರೆ ಮಾತಿಗೆ ತೂಕ ಬರುತ್ತದೆಂದು ಅವನ ನಂಬಿಕೆ. ಭೇಟಿಯು ಅವನ ಬಾಯಲ್ಲಿ ‘ರಾಂದೆವೂ’ ಆಗುತ್ತದೆ. ಎಡವಟ್ಟು ‘ಫೋ ಪಾ’ ಆಗುತ್ತದೆ. ಆ ರಾತ್ರಿ ಎಲ್ಲರೂ ತಟ್ಟೆಯ ಮುಂದೆ ಕುಳಿತಾಗ, ಬಡಿಸುತ್ತಿದ್ದ ಅಜ್ಜಿಯನ್ನು ನೋಡಿ ‘ಬಾನ್ ಅಪೆಟೀ’ ಎಂದನು.

“ಪೇಟೇಗಾ? ಇಷ್ಟು ಹೊತ್ತಿನಲ್ಲಿ ಯಾಕಪ್ಪ? ಮೊದಲು ಊಟ ಮಾಡು” ಎಂದರು ಅಕ್ಕ.

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ. ಸೌಟನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದವರು ನಮ್ಮ ಊಟ ಮುಗಿಯುವವರೆಗೆ ಹೊರಗೆ ಬರಲಿಲ್ಲ. ತಾವೇ ಬಡಿಸಿದ ಪಂಕ್ತಿಯಲ್ಲಿ ಅವರು ಪರಕೀಯರಾದರು.

ಮರುದಿನ ಬೆಳಿಗ್ಗೆ ಹುಡುಗನನ್ನು ಜೊತೆಗೆ ಕರೆದುಕೊಂಡು ಹೊರಟೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸ್ವಲ್ಪ ದೂರ ನಡೆದು, ಅಲ್ಲಿಂದ ಬಸ್ಸು ಹಿಡಿದು ಕೃಷ್ಣರಾಜ ವೃತ್ತಕ್ಕೆ ಬಂದೆವು. ಬಸ್ಸಿನಲ್ಲಿ ಟಿಕೆಟ್ಟು ಕೊಂಡೆವು. ನಿರ್ವಾಹಕನು ಚಾಲಕನಿಗೆ ಡಿಪೋದ ಸುದ್ದಿ ಹೇಳುತ್ತಿದ್ದನು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಹೆಂಗಸೊಬ್ಬಳು “ಮಾರು ಬೇಕಾ ಸ್ವಾಮಿ, ಬೊಕೆ ಕಟ್ಟಿಕೊಡಲಾ?” ಎಂದು ಕೇಳಿದಳು. ಬಳಿಕ ಹೋಟೆಲೊಂದರಲ್ಲಿ ದೋಸೆ ತಿಂದೆವು.

“ಎಷ್ಟು ಫ್ರೆಂಚ್ ಮಾತು ಕೇಳಿದೆಯಪ್ಪ?” ಎಂದೆ. ಹುಡುಗನು ಒಂದನ್ನೂ ಕೇಳಲಿಲ್ಲವೆಂದನು. ಟಿಕೆಟ್ಟು, ಡಿಪೋ, ಬೊಕೆ, ಹೋಟೆಲು, ಇವೆಲ್ಲವೂ ಫ್ರೆಂಚ್ ಮೂಲದವೇ ಎಂದಾಗ ಅವನಿಗೆ ಅಚ್ಚರಿಯಾಯಿತು. ಸರ್ಕಾರ ಮಂಡಿಸುವ ಬಜೆಟ್ಟು ಕೂಡ ಚರ್ಮದ ಪುಟ್ಟ ಚೀಲವನ್ನು ಹೇಳುವ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಹೂವಾಡಗಿತ್ತಿಗೆ ಆ ಪದಗಳ ಕುಲಗೋತ್ರ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಅವು ಅವಳ ವ್ಯಾಪಾರಕ್ಕೆ ಒದಗುತ್ತಿವೆ.

ಮೈಸೂರು ಸೀಮೆಗೆ ಫ್ರೆಂಚರು ಹೊಸಬರೇನೂ ಅಲ್ಲ. ಶ್ರೀರಂಗಪಟ್ಟಣದ ಉತ್ತರದಲ್ಲಿರುವ ಹಿರೋಡೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಆಂಗ್ಲರು ಆ ಊರನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಅದೇ ಇಂದಿನ ಪಾಂಡವಪುರ. 1799ರ ಬಳಿಕ ಈ ಸೀಮೆಯಲ್ಲಿ ನೆಲೆನಿಂತ ಅಬ್ಬೆ ದುಬಾ ಎಂಬ ಫ್ರೆಂಚ್ ಪಾದ್ರಿಯು ಇಲ್ಲಿಯವರಂತೆ ಉಡುಪು ಧರಿಸಿ, ಇಲ್ಲಿನ ನಡೆನುಡಿಗಳನ್ನು ಕಲಿತು, 1823ರಲ್ಲಿ ಸ್ವದೇಶಕ್ಕೆ ಮರಳಿದನು. ಜನರ ನಡುವೆ ಬಾಳಲು ಬಂದ ಆ ಪರದೇಶಿಯು ಜನರ ಮಾತನ್ನು ತಾನು ಕಲಿತನೇ ಹೊರತು, ತನ್ನ ಮಾತಿನಿಂದ ಅವರನ್ನು ಬೆರಗುಗೊಳಿಸಲು ಹೋಗಲಿಲ್ಲ.

ಆದರೂ ನಮ್ಮ ಬೀದಿಯ ಫ್ರೆಂಚ್ ಪದಗಳು ಬಹುಪಾಲು ಹಿರೋಡೆಯಿಂದ ಬಂದವಲ್ಲ, ಇಂಗ್ಲಿಷಿನ ಕೈಹಿಡಿದು ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆ ಮತ್ತು ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ಮೆರೆಯಿತು. ಉಳುವವನ ಬಾಯಲ್ಲಿ ಇಂಗ್ಲಿಷ್ ಉಳಿಯಿತು. ತನ್ನ ಮೊಕದ್ದಮೆಯ ವಾದವೇ ಕಕ್ಷಿದಾರನಿಗೆ ತಿಳಿಯದಂತಾಯಿತು. ಕೊನೆಗೆ 1362ರಲ್ಲಿ, ಫ್ರೆಂಚ್ ಜನರಿಗೆ ಅರ್ಥವಾಗುವುದಿಲ್ಲವೆಂಬ ಕಾರಣ ನೀಡಿ, ವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಶಾಸನ ಮಾಡಬೇಕಾಯಿತು. ಇಂದು ಯಾವ ಭಾಷೆಯ ಮುಂದೆ ನಾವು ಹಿಂಜರಿಯುತ್ತೇವೆಯೋ ಅದೂ ಒಂದು ಕಾಲದಲ್ಲಿ ಸ್ವಂತ ನಾಡಿನಲ್ಲಿ ಹಿಂಜರಿದು ನಿಂತಿತ್ತು.

ಇಂಗ್ಲೆಂಡಿನಲ್ಲಿ ಫ್ರೆಂಚ್ ದರ್ಬಾರು ನಡೆಸುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಶರಣರು ಕನ್ನಡದಲ್ಲಿ ಅನುಭಾವವನ್ನು ನುಡಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ಇವರ ಕಾಯಕದ ಮಾತೇ ಧರ್ಮದ ಮಾತಾಯಿತು. ಹಾಗೆಂದು ಶರಣರು ಪರಭಾಷೆಯ ಪದವನ್ನು ಹೊರದೂಡಿದವರಲ್ಲ. ಲಿಂಗ, ಜಂಗಮ, ಪ್ರಸಾದ, ಇವೆಲ್ಲ ಸಂಸ್ಕೃತ ಪದಗಳೇ. ಶರಣರು ಅವುಗಳಿಗೆ ಹೊಸ ಅರ್ಥವನ್ನು ತುಂಬಿ, ಅಕ್ಷರ ಬಾರದವರ ನಾಲಗೆಗೂ ಅವನ್ನು ಒಲಿಸಿದರು. ಪದವು ಎಲ್ಲಿಂದ ಬಂದಿತೆಂಬುದಕ್ಕಿಂತ ಅದು ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬುದೇ ಮುಖ್ಯ.

ಅರಮನೆಯ ಕೋಟೆಯ ಬಳಿ ನಿಂತಾಗ ಹುಡುಗನಿಗೆ ಬಸವಪ್ಪ ಶಾಸ್ತ್ರಿಗಳ ವಿಚಾರ ಹೇಳಿದೆ. ನಮ್ಮ ಸಮಾಜದಲ್ಲಿ 1843ರಲ್ಲಿ ಹುಟ್ಟಿ ಮೈಸೂರಿನ ಆಸ್ಥಾನವನ್ನು ಬೆಳಗಿದ ಅವರು ಶಾಕುಂತಲ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿದರು. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವು ಪಡೆದು ಷೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿಸಿದರು. ಪರದೇಶದ ಕಥೆಯನ್ನು ಇಲ್ಲಿಯ ಸಭಿಕರಿಗೆ ತಮ್ಮದೆನಿಸುವಂತೆ ಮಾಡುವುದೇ ಪಾಂಡಿತ್ಯವೆಂದು ಅವರು ತಿಳಿದಿದ್ದರು.

“ಹಾಗಾದರೆ ನಾನು ಕಲಿತದ್ದು ತಪ್ಪೇ, ತಾತ?” ಎಂದು ಹುಡುಗನು ಕೇಳಿದನು.

ಅದಕ್ಕೆ ನನ್ನದೇ ಕಥೆಯನ್ನು ಹೇಳಬೇಕಾಯಿತು. ಮಠದಲ್ಲಿ ವ್ಯಾಕರಣ ಶಾಸ್ತ್ರಗಳನ್ನು ಓದಿ ಮೊದಲ ಸಲ ಹಳ್ಳಿಗೆ ಹೋದಾಗ, ಬಸವ ಜಯಂತಿಯ ಸಭೆಯಲ್ಲಿ ಒಂದು ಗಂಟೆಯ ಕಾಲ ಸಮಾಸಭರಿತವಾಗಿ ಭಾಷಣ ಮಾಡಿದ್ದೆ. ಮನೆಗೆ ಬಂದ ಮೇಲೆ ನನ್ನ ತಾಯಿ, “ಮಾತು ಚೆನ್ನಾಗಿತ್ತು ಕಣಪ್ಪ. ಯಾರಿಗೆ ಹೇಳಿದೆ?” ಎಂದು ಕೇಳಿದರು. ನಾಲ್ಕು ದಶಕಗಳಾದರೂ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಲೇಖನಿ ಹಿಡಿದಾಗಲೆಲ್ಲ ಎದುರಿಗೆ ಬಂದು ನಿಲ್ಲುತ್ತದೆ.

“ಕಲಿಯುವುದು ತಪ್ಪಲ್ಲಪ್ಪ. ಸಂದರ್ಶನದಲ್ಲಿ ಬೇಕಾದರೆ ಆಡು. ಎದುರಿನವರಿಗೆ ತಿಳಿಯದಿದ್ದಾಗ ನಗಬೇಡ, ತಿಳಿಸು. ನಿನ್ನೆ ನಗಬಾರದಾಗಿದ್ದವನು ನಿನಗಿಂತ ಮೊದಲು ನಾನು” ಎಂದೆ.

ಆ ರಾತ್ರಿ ಹುಡುಗನು ಅಡುಗೆಮನೆಗೆ ಹೋಗಿ ಅಜ್ಜಿಯ ಕೈಯಿಂದ ಸೌಟನ್ನು ತೆಗೆದುಕೊಂಡು, ಅವರನ್ನು ಪಂಕ್ತಿಯಲ್ಲಿ ಕೂರಿಸಿ ತಾನೇ ಬಡಿಸಿದನು. “ಅಜ್ಜಿ, ನಿನ್ನೆ ನಾನು ಹೇಳಿದ್ದು ಫ್ರೆಂಚರ ಮಾತು. ಹಸಿವಾಗಲಿ, ಊಟ ರುಚಿಸಲಿ ಎಂದು ಹಾರೈಸುವುದು” ಎಂದನು.

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. “ಒಳ್ಳೇ ಮಾತೇ ಕಣೋ. ನಿನ್ನೇನೇ ಹೇಳಬಾರದಿತ್ತಾ?” ಎಂದು ಹೇಳಿ, ವಿಭೂತಿ ಧರಿಸಿದ ಹಣೆಗೆ ಕೈಮುಗಿದು ತುತ್ತೆತ್ತಿದರು.

ನಮ್ಮ ಮನೆಗಳ ಮಕ್ಕಳು ಎಷ್ಟು ಭಾಷೆಗಳನ್ನಾದರೂ ಕಲಿಯಲಿ. ಕಲಿತ ಮಾತು ಮನೆಯ ಹಿರಿಯರನ್ನು ಪಂಕ್ತಿಯಿಂದ ಎಬ್ಬಿಸದಿರಲಿ. ದಾಸೋಹವು ಅನ್ನಕ್ಕೆ ಸಲ್ಲುವಂತೆ ನುಡಿಗೂ ಸಲ್ಲಲಿ.