ಸಂದರ್ಶನದ ಬುತ್ತಿ

ಸಂದರ್ಶನವೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಸೀರೆ, ಆಮೇಲೆ ಸರ್ಟಿಫಿಕೇಟುಗಳ ಫೈಲು. ಉತ್ತರಗಳ ಯೋಚನೆ ಬರುವುದು ಬಸ್ಸು ಹತ್ತಿದ ಮೇಲೆ! ಬಿ.ಎಡ್. ಮುಗಿಸಿದ ಅಣ್ಣನ ಮಗಳು ಖಾಸಗಿ ಶಾಲೆಯೊಂದರ ಗಣಿತದ ಹುದ್ದೆಗೆ ಅರ್ಜಿ ಹಾಕಿದಾಗ ನಾನು ಮೂರು ಸಂಜೆ ಅವಳಿಂದ ಪಾಠ ಮಾಡಿಸಿದೆ. ಅಡುಗೆಮನೆಯೇ ತರಗತಿ, ಭಿನ್ನರಾಶಿಗೆ ಚಪಾತಿ.

"ಅತ್ತೆ, ಮದುವೆಯಾಗಿದೆ, ಮಗು ಯಾವಾಗ ಅಂತ ಕೇಳಿದರೆ?" ಎಂದಳು.

ಮೂವತ್ತು ವರ್ಷದ ಹಿಂದೆ ನನ್ನನ್ನೂ ಒಂದು ಕಡೆ ಕೇಳಿದ್ದು ಅದನ್ನೇ. ಪಾಠದ ಬಗ್ಗೆ ಒಂದು ಮಾತಿಲ್ಲ.

"ಹೆರಿಗೆ ರಜೆ ಯಾರ ದಯೆಯೂ ಅಲ್ಲ ಕಣೇ. 1961ರಲ್ಲೇ ಕಾಯಿದೆಯಾಗಿದೆ. 2017ರಲ್ಲಿ ಮೊದಲ ಎರಡು ಮಕ್ಕಳಿಗೆ 12 ವಾರವಿದ್ದದ್ದು 26 ವಾರವಾಯಿತು. ಅಲ್ಲಿ ವಾದ ಬೇಡ, ಮನಸ್ಸಿನಲ್ಲಿರಲಿ. 'ಮನೆಯ ವಿಷಯ ಮನೆಯಲ್ಲಿ ನೋಡಿಕೊಳ್ಳುತ್ತೇವೆ ಸರ್, ಒಂದು ಪಾಠ ಮಾಡಿ ತೋರಿಸಲೇ?' ಅನ್ನು" ಎಂದೆ.

ಕೇಳಿಯೇ ಕೇಳಿದರಂತೆ. ಇವಳು ನಗುತ್ತಲೇ ಹಾಗಂದು ಸೀಮೆಸುಣ್ಣ ಕೈಗೆತ್ತಿಕೊಂಡಳಂತೆ. ಕೆಲಸ ಸಿಕ್ಕಿತು.

ಕೇಳಬಾರದ್ದನ್ನು ಕೇಳುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಹೆದರಿ ತಲೆ ತಗ್ಗಿಸುವುದೂ ಬೇಡ, ಸಿಟ್ಟಾಗಿ ಎದ್ದು ಬರುವುದೂ ಬೇಡ. ಆ ಪ್ರಶ್ನೆಗೂ ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು, ಬುತ್ತಿಯ ಹಾಗೆ.