ಕೈ ಕಟ್ಟಿ ನಿಂತ ಫ್ಯಾಂಟಮ್

ಹಾಸನದ ಆ ಹಳೆಯ ಬಡಾವಣೆಯಲ್ಲಿ ನಲ್ಲಿ ನೀರು ಬರುವುದು ಬೆಳಗಿನ ಜಾವ ಐದೂವರೆಗೆ. ತೊಟ್ಟಿ ತುಂಬಲು ಮುಕ್ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ಬೇರೆಯವರು ಅಂಗಳ ಗುಡಿಸುತ್ತಾರೆ, ಹಾಲಿಗೆ ಹೋಗುತ್ತಾರೆ. ಮೂಲೆ ಮನೆಯ ನಿವೃತ್ತ ಗುಮಾಸ್ತರು ಮಾತ್ರ ಜಗಲಿಯ ಬಲ್ಬಿನ ಕೆಳಗೆ ಪರೀಕ್ಷೆಯ ರಟ್ಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರ ಬರೆಯುತ್ತಾರೆ. ನಲವತ್ತು ವರ್ಷಗಳಿಗೂ ಮೀರಿದ ಅಭ್ಯಾಸ ಇದು. ಹಳೆಯ ಕ್ಯಾಲೆಂಡರಿನ ಹಿಂಬದಿ, ಮದುವೆ ಪತ್ರಿಕೆಯ ಖಾಲಿ ಮಗ್ಗುಲು, ಯಾವುದಾದರೂ ಸರಿ. ಒಂದು ಎಚ್.ಬಿ. ಪೆನ್ಸಿಲು, ಒಂದು ನಿಬ್ಬಿನ ಪೆನ್ನು, ಒಂದು ಕಪ್ಪು ಶಾಯಿಯ ಬಾಟಲಿ. ದೇವರ ಪಟ ಬರೆಯುವುದಿಲ್ಲ, ಬೆಟ್ಟದ ನಡುವೆ ಹುಟ್ಟುವ ಸೂರ್ಯನನ್ನೂ ಬರೆಯುವುದಿಲ್ಲ. ಬರೆಯುವುದೆಲ್ಲ ಫ್ಯಾಂಟಮ್, ಮಾಂಡ್ರೇಕ್, ಬಹಾದ್ದೂರ್, ಒಮ್ಮೊಮ್ಮೆ ‘ಜೇಡರ ಬಲೆ’ಯ ರಾಜ್‌ಕುಮಾರ್. ಕೇರಿಯ ಮಕ್ಕಳು ಅವರನ್ನು ಕಾಮಿಕ್ಸ್ ಮಾಮ ಎಂದೇ ಕರೆಯುತ್ತಾರೆ. ಅವರಿಗೆ ಅದರಿಂದ ಸಂತೋಷವೇ.

ಅವರು ಬರೆದ ನೂರಾರು ಚಿತ್ರಗಳನ್ನು ಒಟ್ಟಿಗೆ ಹರಡಿ ನೋಡಿದವರಿಗೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಯಾರಿಗೂ ಕೈಯಿಲ್ಲ! ತೋಳಿದೆ, ಮಣಿಕಟ್ಟಿನವರೆಗೂ ಇದೆ, ಅಲ್ಲಿಂದ ಮುಂದೆ ಇಲ್ಲ. ಫ್ಯಾಂಟಮ್ ಯಾವಾಗಲೂ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೆಡ್‌ಮಾಸ್ತರರಂತೆ ನಿಂತಿರುತ್ತಾನೆ. ಮಾಂಡ್ರೇಕ್‌ನ ಕೈಗಳು ನಿಲುವಂಗಿಯೊಳಗೆ. ರಾಜ್‌ಕುಮಾರ್ ಅವರದು ಪ್ಯಾಂಟಿನ ಜೇಬಿನಲ್ಲಿ. ಕುದುರೆ ಸವಾರನ ಕೈ ಇರಬೇಕಾದ ಜಾಗಕ್ಕೆ ಸರಿಯಾಗಿ ಒಂದು ಮರದ ಕೊಂಬೆ ಅಡ್ಡ ಬಂದಿರುತ್ತದೆ. ಕಾರಣ ಸರಳ. ಮಾಮನಿಗೆ ಕೈ ಬರೆಯಲು ಬಾರದು.

ಇದು ಅವರೊಬ್ಬರ ಕಷ್ಟವಲ್ಲ. ಮನುಷ್ಯನ ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ ಎಂಟು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ನಾಲ್ಕು ಬೆರಳುಗಳಿಗೆ ಮೂರು ಮೂರು, ಹೆಬ್ಬೆರಳಿಗೆ ಎರಡೇ. ಅದರ ಮೇಲೆ ಹೆಬ್ಬೆರಳು ಉಳಿದವುಗಳ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಆದ್ದರಿಂದಲೇ ನಾವು ಪೆನ್ಸಿಲು ಹಿಡಿಯುತ್ತೇವೆ. ಆದ್ದರಿಂದಲೇ ಪೆನ್ಸಿಲು ಹಿಡಿದ ಕೈಯನ್ನು ಬರೆಯುವುದು ಕಷ್ಟ. 1928ರಲ್ಲಿ ತೆರೆಗೆ ಬಂದ ಮಿಕ್ಕಿ ಮೌಸ್‌ಗೆ ಹೆಬ್ಬೆರಳೂ ಸೇರಿ ನಾಲ್ಕೇ ಬೆರಳು. ಚಿತ್ರದ ಮೇಲೆ ಚಿತ್ರ ಸಾವಿರಾರು ಬರೆಯಬೇಕಾದಾಗ ಒಂದೊಂದು ಬೆರಳಿನ ಉಳಿತಾಯವೂ ದೊಡ್ಡದು. ಆದರೆ ಮಾಮನ ದುರದೃಷ್ಟ ನೋಡಿ, ಅವರು ಮನಸ್ಸು ಕೊಟ್ಟಿದ್ದೆಲ್ಲ ಕೈಯಿಂದಲೇ ಬದುಕುವ ನಾಯಕರಿಗೆ. ಫ್ಯಾಂಟಮ್‌ನ ಬಲಗೈಯಲ್ಲಿ ತಲೆಬುರುಡೆಯ ಉಂಗುರ. ಅವನ ಗುದ್ದು ತಿಂದವನ ದವಡೆಯ ಮೇಲೆ ಆ ಗುರುತು ಜನ್ಮಕ್ಕೂ ಅಳಿಯದು. ಎಡಗೈಯಲ್ಲಿ ರಕ್ಷಣೆಯ ಉಂಗುರ. ಮಾಂಡ್ರೇಕ್ ಕೈ ಆಡಿಸಿದರೆ ತಾನೇ ಮೋಡಿ! ಇಬ್ಬರನ್ನೂ ಸೃಷ್ಟಿಸಿದ ಲೀ ಫಾಕ್ ಒಬ್ಬನನ್ನು 1934ರಲ್ಲೂ ಇನ್ನೊಬ್ಬನನ್ನು 1936ರಲ್ಲೂ ಪತ್ರಿಕೆಗೆ ತಂದರು. ಹಾಸನದಲ್ಲೊಬ್ಬ ಹುಡುಗನಿಗೆ ಇದು ಎಷ್ಟು ತೊಂದರೆ ಕೊಟ್ಟೀತೆಂದು ಅವರಿಗೇನು ಗೊತ್ತು?

ಆ ಹುಡುಗನಿಗೆ ಹತ್ತು ವರ್ಷವಾದಾಗ ಬಸ್ ನಿಲ್ದಾಣದ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಒಂದು ಪೆಟ್ಟಿಗೆ ಅಂಗಡಿಯಿತ್ತು. ಇಂದ್ರಜಾಲ ಕಾಮಿಕ್ಸ್ ದಿನಕ್ಕೆ ಹತ್ತು ಪೈಸೆ. 1964ರಲ್ಲಿ ಶುರುವಾಗಿ 1990ರವರೆಗೆ ನಡೆದ ಆ ಮಾಲೆ ಇಂಗ್ಲಿಷಿನಲ್ಲೂ ಹಲವು ಭಾರತೀಯ ಭಾಷೆಗಳಲ್ಲೂ ಬರುತ್ತಿತ್ತು. ಅಂಗಡಿಯಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಇಂಗ್ಲಿಷ್. ಹುಡುಗನಿಗೆ ಇಂಗ್ಲಿಷ್ ಬಾರದು. ಚಿತ್ರ ನೋಡಿ ಕಥೆ ಕಟ್ಟಿಕೊಳ್ಳುತ್ತಿದ್ದ. ಆಮೇಲೆ, ಗುದ್ದು ಬಿದ್ದವನ ಬಾಯಿಂದ ಹೊರಟ ಗುಳ್ಳೆಯೊಳಗಿನ ಮಾತು ಇಂಥದ್ದೇ ಇರಬೇಕೆಂದು ಊಹಿಸಿ, ಒಂದೊಂದೇ ಪದ ಕಲಿತ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷ್ ಪದ್ಯಗಳೆಲ್ಲ ಮರೆತುಹೋಗಿವೆ, ಹೀಗೆ ಕಲಿತ ಪದಗಳು ಮಾತ್ರ ಇನ್ನೂ ಉಳಿದಿವೆ ಎಂದು ಮಾಮ ನಗುತ್ತಾರೆ.

ಒಂದು ಮಳೆಗಾಲದಲ್ಲಿ ಸೂರಿನಿಂದ ಒಂದು ಹನಿ ಕಾಮಿಕ್ಸಿನ ನುಣುಪಾದ ಹೊದಿಕೆಯ ಮೇಲೆ ಬಿದ್ದಿತು. ಒರೆಸಲು ಹೋದ ಹುಡುಗ ಹಾಗೇ ನಿಂತ. ಹನಿಯ ಅಡಿಯಲ್ಲಿ ಫ್ಯಾಂಟಮ್‌ನ ನೇರಳೆ ಉಡುಪು ನೇರಳೆಯಾಗಿ ಇರಲೇ ಇಲ್ಲ! ಗುಲಾಬಿಗೆಂಪಿನ ಚುಕ್ಕೆಗಳು, ನೀಲಿ ಚುಕ್ಕೆಗಳು, ನಡುವೆ ಬಿಳಿಯ ಕಾಗದ. ನೀರಿನ ಹನಿ ಪೀನಮಸೂರದಂತೆ ವರ್ತಿಸಿ ಮುದ್ರಣದ ಗುಟ್ಟನ್ನು ಬಯಲು ಮಾಡಿತ್ತು. ಅಚ್ಚಿನಮನೆಯಲ್ಲಿ ಮೆಜೆಂಟಾ, ಸಯಾನ್, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳಿಂದ ಚುಕ್ಕೆಯಿಟ್ಟು ಉಳಿದ ಬಣ್ಣಗಳನ್ನೆಲ್ಲ ಹುಟ್ಟಿಸುತ್ತಾರೆ. ಬೆರೆಸುವ ಕೆಲಸ ನಮ್ಮ ಕಣ್ಣಿನದು. ಒಂದು ಅಡಿ ದೂರದಲ್ಲಿರುವ ಎರಡು ಚುಕ್ಕೆಗಳ ನಡುವೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಅಂತರವಿದ್ದರೆ ಸಾಮಾನ್ಯ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುವುದು ಕಷ್ಟ. ಯಾವ ಮಗುವಾದರೂ ಬಣ್ಣದ ಪತ್ರಿಕೆಯ ಹೊದಿಕೆಯ ಮೇಲೆ ಒಂದು ಹನಿ ನೀರಿಟ್ಟು ಇದನ್ನು ನೋಡಬಹುದು. ಪತ್ರಿಕೆ ಹಳೆಯದಾಗಿರಲಿ, ಅಪ್ಪ ಓದಿ ಮುಗಿಸಿದ್ದಾಗಿರಲಿ. ಅಂದಹಾಗೆ ಫ್ಯಾಂಟಮ್‌ನ ಉಡುಪು ಎಲ್ಲ ದೇಶಗಳಲ್ಲೂ ನೇರಳೆಯಲ್ಲ. ಇಟಲಿಯಲ್ಲಿ ಅವನು ಕೆಂಪು, ಸ್ವೀಡನ್‌ನಲ್ಲಿ ನೀಲಿ.

1980ರಲ್ಲಿ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದ. ಫಲಿತಾಂಶ ನೋಡಿಕೊಂಡು ಬಂದ ತಂದೆ ಒಂದು ಮಾತೂ ಆಡದೆ ಅವನ ಟ್ರಂಕನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ, ಕಾಮಿಕ್ಸುಗಳನ್ನೂ ಚಿತ್ರದ ಎರಡು ನೋಟುಪುಸ್ತಕಗಳನ್ನೂ ಹಂಡೆಯ ಒಲೆಗೆ ಹಾಕಿದರು. ಆ ದಿನ ನೀರು ಎಂದಿಗಿಂತ ಚೆನ್ನಾಗಿ ಕಾಯಿತಂತೆ. ಸುಟ್ಟುಹೋದವುಗಳಲ್ಲಿ ಆರು ಪುಸ್ತಕ ಅಂಗಡಿಯವು. ಹುಡುಗ ಮೂರು ದಿನ ಆ ರಸ್ತೆಗೇ ಹೋಗಲಿಲ್ಲ. ನಾಲ್ಕನೆಯ ದಿನ ಹೆದರುತ್ತಲೇ ಹೋದರೆ ಅಂಗಡಿಯಾತ, ನಿಮ್ಮಪ್ಪ ನಿನ್ನೆಯೇ ಬಂದು ದುಡ್ಡು ಕೊಟ್ಟು ಹೋದರಲ್ಲ ಎಂದ. ಆರು ಪುಸ್ತಕದ ಪೂರ್ತಿ ಬೆಲೆ. ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ತಂದೆಗೆ ಅದು ಸಣ್ಣ ಮೊತ್ತವಲ್ಲ. ಮನೆಯಲ್ಲಿ ಈ ವಿಷಯ ಯಾರೂ ಎತ್ತಲಿಲ್ಲ, ತಂದೆ ತೀರಿಕೊಳ್ಳುವವರೆಗೂ. ಹುಡುಗ ಅಕ್ಟೋಬರಿನಲ್ಲಿ ಪರೀಕ್ಷೆಗೆ ಮತ್ತೆ ಕಟ್ಟಿ ಪಾಸಾದ. ಮುಂದೆ ಕೆಲಸ ಸಿಕ್ಕಿತು, ಮೊದಲ ಸಂಬಳದಲ್ಲಿ ಒಂದು ಭೂತಗನ್ನಡಿ ಕೊಂಡ.

ಸಂಬಳದ ಜೊತೆಗೆ ಹುಚ್ಚೂ ಬೆಳೆಯಿತು. ಬೆಂಗಳೂರಿಗೆ ಕಚೇರಿ ಕೆಲಸಕ್ಕೆಂದು ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಗಳಲ್ಲಿ ಅವರು ಒಂದನ್ನು ಹುಡುಕುತ್ತಿದ್ದರು. ಇಂಗ್ಲಿಷ್ ಅಮರ ಚಿತ್ರ ಕಥಾ ಮಾಲೆಯ ‘ಕೃಷ್ಣ’ ಅವರ ಬಳಿ ಇತ್ತು. ಅದರ ಸಂಖ್ಯೆ 11. ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಯಾವ ರಾಶಿಯಲ್ಲೂ ಸಿಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಉತ್ತರ ಸಿಕ್ಕಿದಾಗ ಅವರು ಜಗಲಿಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟರು. ಆ ಹತ್ತು ಬಂದದ್ದು ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮ್ ಅವರ ಒತ್ತಾಯದ ಮೇಲೆ ಸಿಂಡರೆಲಾ, ಪಿನೋಕಿಯೋ ಮುಂತಾದ ಹೊರದೇಶದ ಕಥೆಗಳು ಮೊದಲು ಕನ್ನಡದಲ್ಲಿ ಕಾಮಿಕ್ಸಾಗಿ ಬಂದಿದ್ದವು. ಎರಡು ವರ್ಷಗಳ ಬಳಿಕ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ನಮ್ಮ ಪುರಾಣ, ಇತಿಹಾಸಗಳ ಕಥೆಗಳತ್ತ ಆ ಮಾಲೆಯನ್ನು ತಿರುಗಿಸಿದರು. ಟಿ.ವಿ.ಯ ಒಂದು ರಸಪ್ರಶ್ನೆ ಕಾರ್ಯಕ್ರಮದಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿ ಯಾರೆಂದು ತಿಳಿಯದೆ ಹೋದದ್ದನ್ನು ಕಂಡದ್ದು ಇದಕ್ಕೆ ಕಾರಣವಾಯಿತು. ಕಾಮಿಕ್ಸೆಂದರೆ ಓದು ಬಾರದವರ ಕೆಲಸವೆನ್ನುವ ತಂದೆತಾಯಿಯರು ಗಮನಿಸಬೇಕು, ಪೈ ಅವರು ಓದಿದ್ದು ರಸಾಯನ ವಿಜ್ಞಾನ.

ಮಾಮನ ಮುಂದೆ ಆರ್.ಕೆ. ಲಕ್ಷ್ಮಣ್ ಅವರ ಕಥೆ ತೆಗೆದರೆ ಮಾತ್ರ ಅವರಿಗೆ ಇಷ್ಟವಾಗುವುದಿಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದ ಮೈಸೂರಿನ ಹುಡುಗ ದೇಶಕ್ಕೇ ದೊಡ್ಡ ವ್ಯಂಗ್ಯಚಿತ್ರಕಾರನಾದದ್ದು ನಿಜ. ಆದರೆ ನಿರಾಕರಿಸಲ್ಪಟ್ಟವರೆಲ್ಲ ಲಕ್ಷ್ಮಣ್ ಆಗಲಿಲ್ಲವಲ್ಲ ಎನ್ನುತ್ತಾರೆ. ಅವರ ಒಂದು ಚಿತ್ರವೂ ಎಲ್ಲಿಯೂ ಅಚ್ಚಾಗಿಲ್ಲ, ಅವರು ಕಳಿಸಿಯೂ ಇಲ್ಲ. ಕೇರಿಯ ಮಕ್ಕಳು ಭಾನುವಾರ ಬಂದು ಕೇಳಿದ್ದನ್ನು ಬರೆದುಕೊಡುತ್ತಾರೆ, ಅಷ್ಟೆ. ಈಗ ಫ್ಯಾಂಟಮ್‌ನನ್ನು ಕೇಳುವ ಮಕ್ಕಳಿಲ್ಲ. ಛೋಟಾ ಭೀಮ್ ಬೇಕು, ಸ್ಪೈಡರ್‌ಮ್ಯಾನ್ ಬೇಕು. ಎಲ್ಲಕ್ಕಿಂತ ಖುಷಿಯಿಂದ ಅವರು ಬರೆಯುವುದು ಜಪಾನಿನ ನೀಲಿ ಬೆಕ್ಕು ಡೋರೇಮಾನ್‌ನನ್ನು. ಅದರ ಕೈ ಎಂದರೆ ಒಂದು ಬಿಳಿಯ ಉಂಡೆ. ಬೆರಳೇ ಇಲ್ಲ!

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಎದುರು ಸಾಲಿನ ಹೆಣ್ಣುಮಗಳೊಬ್ಬಳು ಹತ್ತನೆಯ ತರಗತಿಯ ಮಗನನ್ನು ಕೈ ಹಿಡಿದು ಎಳೆದುಕೊಂಡು ಬಂದಳು. ಗಾರ್ಮೆಂಟ್ಸಿಗೆ ಹೋಗಿ ಒಬ್ಬಳೇ ದುಡಿದು ಮಗನನ್ನು ಓದಿಸುತ್ತಿದ್ದವಳು. ಇನ್ನೊಂದು ಕೈಯಲ್ಲಿ ಒಂದು ನೋಟುಪುಸ್ತಕ.

“ನೋಡಿ ಅಂಕಲ್. ವಿಜ್ಞಾನಕ್ಕೆ ಇಪ್ಪತ್ತೊಂದು. ಪುಸ್ತಕದ ತುಂಬ ಇದೇ. ಅದೂ ಹಿಂದಿನಿಂದ ಮುಂದಕ್ಕೆ ಬರೆದಿದ್ದಾನೆ, ತಲೆ ಸರಿಯಿದೆಯೋ ಇಲ್ಲವೋ! ನಿಮ್ಮ ಜಗಲಿಗೆ ಬಂದುಬಂದೇ ಇವನಿಗೆ ಈ ಗೀಳು ಹತ್ತಿದ್ದು. ಒಲೆಗೆ ಹಾಕಬೇಕು ಅಂತಿದ್ದೆ. ನಿಮಗೆ ತೋರಿಸಿ ಹಾಕೋಣ ಅಂತ ಬಂದೆ.”

ಮಾಮ ಪುಸ್ತಕ ತೆಗೆದುಕೊಂಡರು. ಹುಡುಗನ ತಲೆ ಸರಿಯಾಗಿಯೇ ಇತ್ತು. ಜಪಾನಿನ ಮಾಂಗಾ ಪುಸ್ತಕಗಳನ್ನು ಓದುವುದು ಬಲದಿಂದ ಎಡಕ್ಕೆ, ಅವನೂ ಹಾಗೆಯೇ ಬರೆದಿದ್ದ. ಪುಟ ಪುಟದಲ್ಲೂ ನರುಟೋ. ಆ ಕಥೆಯ ನಿಂಜಾಗಳು ವಿದ್ಯೆ ಪ್ರಯೋಗಿಸುವ ಮೊದಲು ಎರಡೂ ಕೈಗಳ ಬೆರಳುಗಳನ್ನು ಹೆಣೆದು ಮುದ್ರೆ ಹಿಡಿಯುತ್ತಾರೆ. ಮೂಲ ಮುದ್ರೆಗಳು ಹನ್ನೆರಡು, ಒಂದೊಂದಕ್ಕೂ ಒಂದೊಂದು ಪ್ರಾಣಿಯ ಹೆಸರು. ಹುಡುಗ ಹನ್ನೆರಡನ್ನೂ ಬರೆದಿದ್ದ. ಬೆರಳಿನ ಮೇಲೆ ಬೆರಳು, ಸಂದಿಯಲ್ಲಿ ನೆರಳು, ಮಡಿಸಿದ ಗೆಣ್ಣು, ಉಗುರಿನ ತಿರುವು.

ಮಾಮ ಭೂತಗನ್ನಡಿ ತರಿಸಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, “ಈ ಹೆಬ್ಬೆರಳು ಹೇಗೆ ಕೂರಿಸಿದೆಯೋ ಮರಿ?”

ಹುಡುಗ ತಾಯಿಯ ಮುಖ ನೋಡಿದ. ತಾಯಿ ಮಾಮನ ಮುಖ ನೋಡಿದಳು.

“ಕೂತುಕೊಳ್ಳಮ್ಮ” ಎಂದರು ಮಾಮ. “ನನ್ನವನ್ನೂ ಒಲೆಗೆ ಹಾಕಿದ್ದರು. ಅದರಿಂದ ನಾನು ಪಾಸಾಗಲಿಲ್ಲ. ಆಮೇಲೆ ಮೂರು ತಿಂಗಳು ಕೂತು ಲೆಕ್ಕ ಮಾಡಿದೆ, ಅದರಿಂದ ಪಾಸಾದೆ. ಇವನ ವಿಜ್ಞಾನದ ಉತ್ತರಪತ್ರಿಕೆ ತಂದಿದ್ದೀಯಾ?”

ತಂದಿದ್ದಳು. ಕಿರಣಚಿತ್ರದ ಪ್ರಶ್ನೆಗೆ ಸೊನ್ನೆ. ಮಸೂರ ಸುಂದರವಾಗಿತ್ತು, ಅದಕ್ಕೆ ನೆರಳು ಕೂಡ ಕೊಟ್ಟಿದ್ದ. ಕಿರಣಗಳಿಗೆ ಬಾಣದ ಗುರುತೇ ಇರಲಿಲ್ಲ, ಸಂಗಮ ಬಿಂದು ಮನಸ್ಸಿಗೆ ಬಂದ ಕಡೆ ಇತ್ತು. ಬಾಣವಿಲ್ಲದ ಕಿರಣಕ್ಕೆ ಯಾವ ಮೌಲ್ಯಮಾಪಕರೂ ಅಂಕ ಕೊಡುವುದಿಲ್ಲ, ಮಸೂರ ಎಷ್ಟೇ ಚೆನ್ನಾಗಿರಲಿ. ನಲವತ್ತು ವರ್ಷಗಳಿಂದ ಮಸೂರ ಹಿಡಿದು ಕೂತಿದ್ದರೂ ಅದು ಹೇಗೆ ಕೆಲಸ ಮಾಡುತ್ತದೆಂದು ಮಾಮನಿಗೂ ಸರಿಯಾಗಿ ತಿಳಿಯದು. ಆದ್ದರಿಂದ ಒಂದು ಒಪ್ಪಂದವಾಯಿತು. ದಿನವೂ ನೀರು ಬರುವ ಹೊತ್ತಿಗೆ ಹುಡುಗ ಜಗಲಿಗೆ ಬರಬೇಕು. ಮೊದಲ ಅರ್ಧ ಗಂಟೆ ಪಾಠ ಓದಿ ಮಾಮನಿಗೆ ಅರ್ಥವಾಗುವ ಹಾಗೆ ಹೇಳಬೇಕು. ಉಳಿದ ಕಾಲು ಗಂಟೆ ಮಾಮನಿಗೆ ಕೈ ಬರೆಯುವುದನ್ನು ಕಲಿಸಬೇಕು.

ಹುಡುಗ ಏಪ್ರಿಲ್ಲಿನಲ್ಲಿ ಪಾಸಾದ. ವಿಜ್ಞಾನಕ್ಕೆ ಐವತ್ತಾರು. ಹೆಮ್ಮೆಪಡುವಂಥ ಅಂಕವೇನಲ್ಲ, ಆದರೆ ಕಿರಣಚಿತ್ರಕ್ಕೆ ಪೂರ್ತಿ ಅಂಕ ಬಂದಿರಬೇಕೆಂದು ಮಾಮನಿಗೆ ಖಾತ್ರಿ. ಅವನೀಗ ಕಾಲೇಜಿಗೆ ಹೋಗುತ್ತಾನೆ, ದಿನವೂ ಬರುವುದಿಲ್ಲ. ಮಾಮನ ಕೈಗಳು ಇನ್ನೂ ಬಾಳೆಕಾಯಿ ಗೊನೆಯ ಹಾಗೆಯೇ ಇವೆ. ಆದರೂ ಫ್ಯಾಂಟಮ್ ಈಗ ಕೈ ಮುಂದೆ ತಂದಿದ್ದಾನೆ, ಉಂಗುರವನ್ನೂ ಹಾಕಿಕೊಂಡಿದ್ದಾನೆ.

ಹೋದ ಭಾನುವಾರ ಕಾರ್ಖಾನೆಗೆ ರಜೆ. ಮಗನನ್ನು ಊಟಕ್ಕೆ ಕರೆಯಲು ಬಂದ ತಾಯಿಗೆ ಮಾಮನ ಮನೆಯಾಕೆ ಕಾಫಿ ಕೊಟ್ಟರು. ಲೋಟ ಹಿಡಿದವಳನ್ನು ಹುಡುಗ, “ಅಮ್ಮಾ, ಹಾಗೇ ಇರು, ಅಲುಗಾಡಬೇಡ” ಎಂದ. ಜಗಲಿಯ ಎರಡು ಕಡೆಯಿಂದ ಎರಡು ಪೆನ್ಸಿಲು ಓಡತೊಡಗಿದವು. ಸ್ಟೀಲಿನ ಲೋಟ ಬಳಸಿದ ನಾಲ್ಕು ಬೆರಳು, ಎದುರಿನಿಂದ ಒತ್ತಿದ ಹೆಬ್ಬೆರಳು. ಹೆಬ್ಬೆರಳಿನ ಉಗುರಿನ ಪಕ್ಕ ಎಂದೋ ಮಿಷನ್ನಿನ ಸೂಜಿ ಹೊಕ್ಕಿದ್ದ ಕಪ್ಪು ಗುರುತು. ಮಾಮ ಅದನ್ನು ಗಮನಿಸಿರಲಿಲ್ಲ. ಹುಡುಗ ಬರೆದಿದ್ದ.

“ಕಾಫಿ ಆರಿಹೋಯ್ತು ಕಣೋ, ಇನ್ನೂ ಎಷ್ಟು ಹೊತ್ತು?” ಎಂದಳು ತಾಯಿ, ಕೈ ಕದಲಿಸದೆ.